ಚಾದರದ ಕೆಳಗೆ ಯಾರೂ ಇಲ್ಲ

ಕೊಂಡಾಪುರ
16 ಫೆಬ್ರವರಿ 2025

ಅಪ್ಪಾ,

ಕಾಗುಣಿತ ತಪ್ಪಿದ್ದರೆ ಕೂಡಲೇ ಕೆಂಪು ಪೆನ್ನು ತೆಗೆಯಬೇಡಿ, ಮೊದಲು ಸುದ್ದಿ ಓದಿ. ನನಗೆ ಆಫೀಸಿನಲ್ಲಿ ಬಹುಮಾನ ಬಂದಿದೆ. ಅದೂ ಎಂಥದ್ದು, ಕರೆಂಟು ಉಳಿಸಿದ್ದಕ್ಕೆ! ಗೀಜರ್ ಬಂದ್ ಮಾಡುವುದನ್ನು ಮರೆತು ಅವ್ವನ ಕಡೆಯಿಂದ ದಿನಾ ಬೈಸಿಕೊಂಡವಳಿಗೆ!

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರ್ ಮೇಲೆ. ಅವ್ವ, ವಿನಾಯಕಣ್ಣ, ವೈನಿ ಎಲ್ಲರೂ ಸುತ್ತ ಕೂತು ಕೇಳುತ್ತಾರೆ, ನಡುವೆ ಕುಕ್ಕರ್ ಸೀಟಿ ಬೇರೆ. ನಾನು ಹಾಸ್ಟೆಲಿಗೆ ಹೊರಟಾಗ ನೀವು ಹಾಕಿದ ಕರಾರು ನೆನಪಿದೆ ತಾನೇ? "ಇಂಗ್ಲಿಷ್ ಸಾಲ್ಯಾಗ ಓದಿದ್ರೇನಾತು, ತಿಂಗಳಾ ಒಂದ್ ಪತ್ರ ಕನ್ನಡದಾಗ ಬರೀಬೇಕ ನೋಡ." ಒಂದೇ ಊರಿನಲ್ಲಿದ್ದೂ ಅಂಚೆಯಲ್ಲಿ ಪತ್ರ ಹಾಕುವ ತಂದೆ ಮಗಳು ಹೈದರಾಬಾದಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಕ್ಲೌಡ್ ಅಂದರೆ ಏನು ಅಂತ ಬಂದಾಗಲೆಲ್ಲ ಕೇಳುತ್ತೀರಿ. ರೈಲ್ವೆಯಲ್ಲಿ ಟಿ.ಸಿ. ಆಗಿದ್ದವರಿಗೆ ರೈಲಿನ ಮಾತಿನಲ್ಲೇ ಹೇಳುತ್ತೇನೆ. ಮೋಡವೂ ಇಲ್ಲ, ಮಣ್ಣೂ ಇಲ್ಲ. ಊರ ಹೊರಗಿನ ಒಂದು ಕಟ್ಟಡದಲ್ಲಿ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿದ್ದಾರೆ. ಅದೇ ರೈಲು ಅಂದುಕೊಳ್ಳಿ. ನಮ್ಮ ಕಂಪನಿಯ ಎಲ್ಲ ತಂಡಗಳ ಸಾಫ್ಟ್‌ವೇರೂ ಅದರಲ್ಲೇ ಹಂಚಿಕೊಂಡು ಕೂರಬೇಕು. ಪ್ರತಿಯೊಂದು ತಂಡವೂ ತನಗೆ ಇಷ್ಟು ಬರ್ತು ಬೇಕು ಅಂತ ಮೊದಲೇ ರಿಸರ್ವೇಶನ್ ಮಾಡಿಸುತ್ತದೆ. ಬರ್ತು ಸಾಲದಿದ್ದರೆ ಇನ್ನೊಂದು ಬೋಗಿ, ಅಂದರೆ ಇನ್ನೊಂದು ಕಂಪ್ಯೂಟರು ಚಾಲೂ. ಚಾಲೂ ಆದಮೇಲೆ ಒಳಗೆ ಮಂದಿ ಇರಲಿ ಬಿಡಲಿ, ಅದು ಕರೆಂಟು ಕುಡಿಯುತ್ತಲೇ ಇರುತ್ತದೆ. ಅದನ್ನು ತಣ್ಣಗಿಡುವ ಎ.ಸಿ. ಇನ್ನಷ್ಟು ಕುಡಿಯುತ್ತದೆ.

ಬೇಕಾದ್ದಕ್ಕಿಂತ ಹೆಚ್ಚು ಬರ್ತು ಹಿಡಿದಿಡುವುದು ನಮ್ಮಲ್ಲಿ ರೂಢಿ. ತಿಂಗಳ ಕೊನೆಗೆ ಕೆಲಸದ ಗದ್ದಲ ಇರುತ್ತದೆ, ಆಗ ಜಾಗ ಸಿಗದಿದ್ದರೆ ಏನು ಗತಿ ಎಂಬ ಭಯ. ಈ ವರ್ಷ ಮೇಲಿನವರು ಕಣ್ಣು ತೆರೆದರು. ಕರೆಂಟು ಉಳಿಸಬೇಕು, ಇನ್ನು ಹೊಸ ಬೋಗಿ ಇಲ್ಲ, ಖಾಲಿ ಬರ್ತು ಹಿಡಿದವರಿಂದ ಕಿತ್ತುಕೊಳ್ಳುತ್ತೇವೆ, ಹಿಡಿದದ್ದನ್ನೆಲ್ಲ ಬಳಸಿದ ತಂಡಕ್ಕೆ ಬಹುಮಾನ ಅಂದರು. ನಾನೇನು ಮಾಡಿದೆ ಗೊತ್ತೇ? ಖಾಲಿ ಬರ್ತಿನ ಮೇಲೆ ಗಂಟುಮೂಟೆ ಇಟ್ಟು ಚಾದರ ಹೊದಿಸಿದೆ! ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸುಮ್ಮನೆ ಲೆಕ್ಕ ಮಾಡುವುದು, ಅಳಿಸುವುದು, ಮತ್ತೆ ಮಾಡುವುದು, ಇಷ್ಟೇ ಅದರ ಉದ್ಯೋಗ. ನೋಡಿದವರಿಗೆ ಬರ್ತೆಲ್ಲ ಭರ್ತಿ. ನಮ್ಮ ತಂಡ ಮೊದಲ ನಂಬರು.

ಕರೆಂಟು ಉಳಿಯಿತೇ ಅಂತ ಮಾತ್ರ ಕೇಳಬೇಡಿ. ಮೊದಲಿಗಿಂತ ಹೆಚ್ಚೇ ಹೋಗುತ್ತಿದೆ. ಬಹುಮಾನ ತೆಗೆದುಕೊಳ್ಳುವಾಗ ಅಂಗೈ ಬೆವರಿತು, ಸುಳ್ಳೇಕೆ ಹೇಳಲಿ. ಇರಲಿ, ಎಲ್ಲರೂ ಒಂದಲ್ಲ ಒಂದು ಆಟ ಆಡುವವರೇ.

ನಮ್ಮ ವೈಜನಾಥ ಕಾಕಾನ ಮಗಳು ಸೌಂದರ್ಯಾ ಪಕ್ಕದ ತಂಡದಲ್ಲಿದ್ದಾಳಲ್ಲ, ಅವಳೊಬ್ಬಳೇ ನಿಜವಾಗಿ ಅರ್ಧ ಬರ್ತು ಬಿಟ್ಟುಕೊಟ್ಟಳು. ಹುಚ್ಚಿ.

ಅಂಗೈ ಒರೆಸಿಕೊಂಡ ನಿಮ್ಮ ಮಗಳು,
ಲಹರಿ

*

ಮಲ್ಕಾಜ್‌ಗಿರಿ
24 ಫೆಬ್ರವರಿ 2025

ಲಹರೀ,

ನಿನ್ನ ಪತ್ರ ಓದಿದೆ, ಮತ್ತೊಮ್ಮೆ ಓದಿದೆ, ಆಮೇಲೆ ನಿನ್ನ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಚಾದರದ ಭಾಗ ಬಂದಾಗ ಕೆಮ್ಮಿ ಮುಂದಕ್ಕೆ ಹೋದೆ. ಅದು ನನ್ನ ನಿನ್ನ ನಡುವೆ ಇರಲಿ.

ಎಲಾ ಇವಳ! ಗಂಟು ಮಲಗಿಸಿ ಚಾದರ ಹೊದಿಸುವ ಮಂದಿಯನ್ನು ಸೊಲ್ಲಾಪುರ ಲೈನಿನಲ್ಲಿ ಎಷ್ಟು ನೋಡಿದ್ದೇನೋ. "ಏಳ್ರಿ ಯಜಮಾನ್ರ, ಟಿಕೇಟ್ ತೋರಸ್ರಿ" ಅಂತ ಚಾದರ ಎಳೆದರೆ ಒಳಗೆ ಕಬ್ಬಿಣದ ಟ್ರಂಕು. ಅವರಿಗೆ ಮುಖ ಮೂತಿ ನೋಡದೆ ದಂಡ ಹಾಕುತ್ತಿದ್ದೆ. ಅದೇ ಕೆಲಸ ಮಗಳು ಮಾಡಿದ್ದಾಳೆ ಅಂದರೆ ನಗು ಬರುತ್ತದೆ, ಏನು ಮಾಡಲಿ. ಶಾಣ್ಯಾ ಇದ್ದೀ.

ಸ್ಟೇಷನ್ ಎದುರಿನ ಇರಾನಿ ಹೋಟೆಲಿನಲ್ಲಿ ಗೆಳೆಯರಿಗೆಲ್ಲ ಚಹಾ ಕುಡಿಸಿದೆ. ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಸೂಗಪ್ಪನವರು ಅಲ್ಲೇ ಇದ್ದರು. "ವೀರಭದ್ರಪ್ಪನವರ, ಬಸವ ಜಯಂತಿ ಕಾರ್ಯಕ್ರಮದಾಗ ನಿಮ್ಮ ಹುಡುಗೀಗೆ ಒಂದ್ ಶಾಲು ಹೊದಿಸೇ ಬಿಡೂಣ್ರಿ" ಅಂದರು. ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತೇ? ವೈಜನಾಥನೂ ಖುಷಿಪಟ್ಟ. "ನಮ್ಮ ಸೌಂದರ್ಯಾಗೂ ಸ್ವಲ್ಪ ಹೇಳಿ ಕಲಸ ಅನ್ನೋ ನಿನ್ನ ಮಗಳಿಗೆ" ಅಂದ. ಒಂದೇ ಕೋಚಿನಲ್ಲಿ ಡ್ಯೂಟಿ ಮಾಡಿದ ಗೆಳೆಯ, ಅವನ ಮಾತು ನೆನಪಿಡು.

"ಕಂಪ್ಯೂಟರುಗಳನ್ನು" ಸರಿಯಾಗಿ ಬರೆದಿದ್ದೀ. ಕೆಂಪು ಪೆನ್ನಿಗೆ ಈ ಸಲ ಕೆಲಸ ಬೀಳಲಿಲ್ಲ.

ಎದೆ ಉಬ್ಬಿಸಿಕೊಂಡು ಓಡಾಡುತ್ತಿರುವ,
ಅಪ್ಪ

*

ಕೊಂಡಾಪುರ
23 ಮಾರ್ಚ್ 2025

ಅಪ್ಪಾ,

ಸನ್ಮಾನ ಬೇಡ. ಸೂಗಪ್ಪ ಕಾಕಾಗೆ ನೀವೇ ಹೇಗಾದರೂ ಹೇಳಿ. ಆಫೀಸಿನ ಸಣ್ಣ ಬಹುಮಾನ ಅದು, ಸಂಘದ ವೇದಿಕೆಯವರೆಗೆ ತರುವಂಥದ್ದಲ್ಲ.

ಯುಗಾದಿಗೆ ಬರಲು ಆಗುವುದಿಲ್ಲ. ಕೆಲಸ ಇದೆ.

ಸೌಂದರ್ಯಾಳನ್ನು ಕೆಲಸದಿಂದ ತೆಗೆದಿದ್ದಾರೆ. ಕಾಕಾ ನಿಮಗೆ ಹೇಳಿರಬಹುದು. ಹೇಳಿರದಿದ್ದರೆ ನೀವಾಗಿ ಕೇಳಬೇಡಿ.

ಅವ್ವನಿಗೆ ನಮಸ್ಕಾರ. ಇನ್ನೇನೂ ತೋಚುತ್ತಿಲ್ಲ.

ಲಹರಿ

*

ಮಲ್ಕಾಜ್‌ಗಿರಿ
6 ಏಪ್ರಿಲ್ 2025

ಲಹರೀ,

ಇದೆಂಥ ಪತ್ರ? ತಂತಿ ಕಳಿಸುತ್ತಿದ್ದ ಕಾಲದಲ್ಲಿ ಕೂಡ ಇದಕ್ಕಿಂತ ಹೆಚ್ಚು ಬರೆಯುತ್ತಿದ್ದರು. ಬೇವು ಕುಡಿಯಲೂ ಬರಲಿಲ್ಲ. ನಿನ್ನ ಅವ್ವ ಹೋಳಿಗೆ ತಟ್ಟುತ್ತ "ನಾಳೆ ಬರ್ತಾಳೇಳ್ರಿ" ಅಂದಳು. ಮರುದಿನ ಆ ಹೋಳಿಗೆ ವಿನಾಯಕನ ಡಬ್ಬಿಗೆ ಹೋಯಿತು.

ಇಲ್ಲಿ ಬಿಸಿಲು ತಾರಕಕ್ಕೇರಿದೆ. ಮಧ್ಯಾಹ್ನ ಊಟಕ್ಕೆ ಕೂತರೆ ಸಾಕು, ಕರೆಂಟು ಹೋಗುತ್ತದೆ. ವಿನಾಯಕನ ಕೂಸಿಗೆ ಮೈಯೆಲ್ಲ ಬೆವರುಸಾಲೆ. ನಿನ್ನ ವೈನಿ ಅದನ್ನು ಎತ್ತಿಕೊಂಡು, ಸೆರಗಿನಿಂದ ಗಾಳಿ ಹಾಕುತ್ತ ಮನೆ ತುಂಬ ಓಡಾಡುತ್ತಾಳೆ. ಈ ಕರೆಂಟೆಲ್ಲ ಎಲ್ಲಿಗೆ ಹೋಗುತ್ತದೋ ಆ ಬಸವಣ್ಣನೇ ಬಲ್ಲ.

ವೈಜನಾಥ ಚಹಾಕ್ಕೆ ಬರುವುದನ್ನು ಬಿಟ್ಟಿದ್ದ. ಮನೆಗೆ ಹೋದೆ. ಅವನು ಒಳಗಿನ ಕೋಣೆಯ ಕಡೆಗೆ ಮುಖ ಮಾಡಿ, ಹುಡುಗಿಗೆ ಕೇಳಿಸಲಿ ಅಂತಲೇ ಮಾತಾಡುತ್ತಾನೆ. "ಎಷ್ಟ ಜಾಗಾ ಬೇಕ ಅಂತ ತಿಳೀಲಿಲ್ಲಂತ ಆಕೀಗೆ. ಬೇಕಾದ್ದ ಬಿಟ್ಟ ಕೊಟ್ಟು ಗಿರಾಕಿನ ಕಳಕೊಂಡಾಳ. ಮೈಮ್ಯಾಗ ಖಬರ ಇಲ್ಲದಾಕಿ!" ಸೌಂದರ್ಯಾ ಚಹಾ ತಂದು ಇಟ್ಟಳು, ತಲೆ ಎತ್ತಲಿಲ್ಲ. ಹೆಣ್ಣು ನೋಡಲು ಬರಬೇಕಿದ್ದ ಬೀದರಿನವರು ಕೆಲಸ ಹೋದ ಸುದ್ದಿ ಕೇಳಿ ಸುಮ್ಮನಾಗಿದ್ದಾರಂತೆ. "ಲಹರಿ ಬಂದ್ ಮಾತಾಡ್ತಾಳ ತಡಿ, ಎಲ್ಲಿ ತಪ್ಪಾತು ಅಂತ ತಿಳಿಸಿ ಹೇಳ್ತಾಳ" ಅಂತ ಧೈರ್ಯ ಹೇಳಿ ಬಂದಿದ್ದೇನೆ. ಹುಡುಗಿಗೆ ಫೋನು ಮಾಡು. ನಾಲ್ಕು ಬುದ್ಧಿ ಮಾತು ಹೇಳು.

ಸನ್ಮಾನ ಬೇಡ ಅಂದರೆ ಹೇಗೆ? ಮೇ ನಾಲ್ಕರ ರವಿವಾರ ಗೊತ್ತಾಗಿದೆ, ಕಾರ್ಡು ಅಚ್ಚಾಗಿದೆ. ನಿನ್ನ ಹೆಸರು ದಪ್ಪ ಅಕ್ಷರದಲ್ಲಿದೆ.

ನಿನ್ನ ಸಿಡುಕು ಅರ್ಥವಾಗದ,
ಅಪ್ಪ

*

ಕೊಂಡಾಪುರ
13 ಏಪ್ರಿಲ್ 2025

ಅಪ್ಪಾ,

ಸೌಂದರ್ಯಾಳಿಗೆ ಬುದ್ಧಿ ಹೇಳು ಅಂದಿರಿ. ಆ ಸಾಲು ಓದಿ ಪತ್ರವನ್ನು ದಿಂಬಿನ ಕೆಳಗೆ ಇಟ್ಟೆ, ತಿರುಗಿ ಮುಟ್ಟಲು ಧೈರ್ಯ ಬರಲಿಲ್ಲ. ಇವತ್ತು ಬರೆಯದಿದ್ದರೆ ಎಂದೂ ಬರೆಯುವುದಿಲ್ಲ. ಅವ್ವನಿಗೆ ಓದಿ ಹೇಳಬೇಡಿ.

ಅವಳ ತಂಡ ಔಷಧ ಅಂಗಡಿಗಳ ಕೆಲಸ ನೋಡುತ್ತಿತ್ತು. ಜಿಲ್ಲೆಗಳ ಅಂಗಡಿಯವರು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ, ಯಾವ ಔಷಧ ಮುಗಿದಿದೆ ಅಂತ ದೊಡ್ಡ ವ್ಯಾಪಾರಿಗೆ ಆರ್ಡರು ಕಳಿಸುತ್ತಾರೆ. ಸೌಂದರ್ಯಾ ಸಂಜೆ ಬೇಡವಾದ ಜಾಗ ಬಿಟ್ಟುಕೊಟ್ಟು ಬೆಳಗ್ಗೆ ಮತ್ತೆ ತೆಗೆದುಕೊಳ್ಳುತ್ತಿದ್ದಳು. ಹಂಚಿಕೊಂಡು ಬಳಸುವುದು ಅಂದರೆ ಅದೇ. ಎಲ್ಲರೂ ಹಾಗೆ ಮಾಡಿದ್ದರೆ ಅರ್ಧ ಯಂತ್ರಗಳನ್ನು ಬಂದ್ ಮಾಡಬಹುದಿತ್ತು.

ಮಾರ್ಚ್ ತಿಂಗಳ ಒಂದು ಸೋಮವಾರ ಆರ್ಡರುಗಳು ಒಮ್ಮೆಲೇ ನುಗ್ಗಿದವು. ಜಾಗ ಕೇಳಿದರೆ ಎಲ್ಲೂ ಇಲ್ಲ. ಅವಳು ಓಡಿ ನನ್ನ ಮೇಜಿನ ಹತ್ತಿರ ಬಂದಳು. "ಲಹರಿ, ನಿಮ್ಮ ಕಡೆ ಒಂದೀಟು ಜಾಗಾ ಐತೇನ? ಒಂದ್ ತಾಸಿನ ಮಟ್ಟಿಗೆ ಕೊಡ. ನಮ್ಮವೆಲ್ಲಾ ನಿಂತ ಬಿಟ್ಟಾವು."

ಆಗ ನನ್ನ ಕೈ ಕೀಬೋರ್ಡಿನ ಮೇಲೆಯೇ ಇತ್ತು. ಆ ಸುಳ್ಳು ಪ್ರೋಗ್ರಾಮನ್ನು ನಿಲ್ಲಿಸಿದ್ದರೆ ಅವಳಿಗೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ಸಿಗುತ್ತಿತ್ತು. ಆದರೆ ನಿಲ್ಲಿಸಿದರೆ ಸ್ಕ್ರೀನಿನಲ್ಲಿ ನಮ್ಮ ತಂಡದ ಬಳಕೆ ತೋರಿಸುವ ಗೆರೆ ಎಲ್ಲರ ಕಣ್ಣೆದುರಿಗೇ ಕೆಳಗೆ ಬೀಳುತ್ತದೆ. ಇಷ್ಟು ದಿನ ಅಲ್ಲಿ ಏನು ನಡೆಯುತ್ತಿತ್ತು ಅಂತ ಕೇಳುತ್ತಾರೆ. ಬಹುಮಾನದ ಫಲಕ ಅಲ್ಲೇ ಮೇಜಿನ ಮೇಲಿತ್ತು. ನಾನು ಸ್ಕ್ರೀನು ಅವಳ ಕಡೆ ತಿರುಗಿಸಿದೆ. "ಎಲ್ಲೈತಿ ಮಾರಾಯ್ತಿ, ನೋಡ, ನಮ್ಮದ ಪೂರ್ತಿ ಭರ್ತಿ ಐತಿ."

ಅವಳು ನೋಡಿದಳು. "ಹೌದಲ್ಲ. ಪಾಪ, ನಿನಗೂ ಭಾಳ ಕೆಲಸ" ಅಂದು ಹೋದಳು.

ಅಪ್ಪಾ, ಅವಳು ಸಂಶಯಪಟ್ಟಿದ್ದರೆ, ಜಗಳ ತೆಗೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಾಪ ಅಂದಳು.

ಅರ್ಧ ದಿನ ಆರ್ಡರು ಹೋಗಲಿಲ್ಲ. ಗಿರಾಕಿ ಸಿಟ್ಟಾಗಿ ಕಂಪನಿಯನ್ನೇ ಬಿಟ್ಟ. ನಮ್ಮ ಎರಡೂ ತಂಡಗಳ ಮ್ಯಾನೇಜರ್ ಮೋಹನ್ ಎಲ್ಲರನ್ನೂ ಕೂರಿಸಿಕೊಂಡು, ಜಾಗ ಯಾಕೆ ಬಿಟ್ಟುಕೊಟ್ಟೆ ಅಂತ ಅವಳನ್ನು ಕೇಳಿದರು. ಕರೆಂಟು ಉಳಿಸಿರಿ ಅಂತ ನೀವೇ ಹೇಳಿದ್ದಿರಲ್ಲ ಸರ್ ಅಂದಳು. ಮೋಹನ್ ನನ್ನ ಕಡೆ ಬೆರಳು ತೋರಿಸಿ, ಲಹರಿಯ ತಂಡ ನೋಡು, ತಮಗೆಷ್ಟು ಬೇಕು ಅಂತ ಅವರಿಗೆ ಸರಿಯಾಗಿ ಗೊತ್ತು ಅಂದರು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದೆ. ಆ ವಾರವೇ ಅವಳನ್ನು ಕಳಿಸಿದರು.

ಆ ಪ್ರೋಗ್ರಾಂ ಇನ್ನೂ ನಡೆಯುತ್ತಿದೆ. ಕೂಸಿನ ಬೆವರುಸಾಲೆಯ ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲೂ ನಿಲ್ಲಿಸಲು ಕೈ ಬರಲಿಲ್ಲ. ನನ್ನಂಥ ಹೇಡಿ ಇಲ್ಲ. ಮೋಹನ್‌ಗೂ ವೈಜನಾಥ ಕಾಕಾಗೂ ಹೇಳಿಬಿಡಬೇಕು ಅಂತಿದ್ದೇನೆ. ಹೇಳು ಅನ್ನಿ ಅಪ್ಪಾ. ನೀವು ಒಂದು ಮಾತು ಅಂದರೆ ನಾಳೆಯೇ ಹೇಳುತ್ತೇನೆ.

ನಾಚಿಕೆಯಿಂದ,
ಲಹರಿ

*

ಮಲ್ಕಾಜ್‌ಗಿರಿ
19 ಏಪ್ರಿಲ್ 2025

ಲಹರಿ,

ಪತ್ರ ಮುಟ್ಟಿತು.

ಆದದ್ದು ಆಗಿಹೋಗಿದೆ. ನೀನು ಬೇಕಂತ ಮಾಡಿದ್ದಲ್ಲ. ಇಂಥ ಆಟ ಎಲ್ಲರೂ ಆಡುತ್ತಾರೆ ಅಂತ ನೀನೇ ಬರೆದಿದ್ದೆ. ಸೌಂದರ್ಯಾ ಓದಿದ ಹುಡುಗಿ, ಇಲ್ಲಿ ಹೋದರೆ ಇನ್ನೊಂದು ಕಡೆ ಸಿಕ್ಕೇ ಸಿಗುತ್ತದೆ.

ಕಾರ್ಡು ಹಂಚಿ ಆಗಿದೆ. ಕೂಕಟ್‌ಪಲ್ಲಿಯ ಕನ್ನಡ ಮಂದಿಗೂ ನಾನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆ. ಸೂಗಪ್ಪನವರು ಶಾಲು ತಂದಿಟ್ಟಿದ್ದಾರೆ. ಈಗ ನೀನು ಬಾಯಿ ತೆರೆದರೆ ನಾನು ಸ್ಟೇಷನ್ ರಸ್ತೆಯಲ್ಲಿ ಹೇಗೆ ಓಡಾಡಲಿ? ಕಾರ್ಯಕ್ರಮ ಮುಗಿಯುವ ತನಕ ಸುಮ್ಮನಿರು. ಆಮೇಲೆ ನೋಡೋಣ. ಈ ಮುದುಕನ ಮರ್ಯಾದೆ ನಿನ್ನ ಕೈಯಲ್ಲಿದೆ.

ವೈಜನಾಥನ ಮುಂದೆ ತುಟಿ ಬಿಚ್ಚಬೇಡ. ಈ ಪತ್ರ ಓದಿದ ಮೇಲೆ ಹರಿದು ಹಾಕು.

ವೀರಭದ್ರಪ್ಪ

*

ಕೊಂಡಾಪುರ
11 ಮೇ 2025

ಅಪ್ಪಾ,

ನೀವು ಹೇಳಿದಂತೆ ಸುಮ್ಮನಿದ್ದೆ. ನಿಮಗಾಗಿ ಮಾತ್ರ ಅಂತ ಹೇಳಲಾರೆ. ಸುಮ್ಮನಿರು ಅಂದದ್ದು ನನಗೂ ಒಳಗೊಳಗೇ ಬೇಕಾಗಿತ್ತು.

ಆ ರವಿವಾರದ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ನೀವು ಆಟೋ ಹತ್ತಿಸಿ ಮನೆಯ ಕಡೆ ತಿರುಗಿಬಿಟ್ಟಿರಿ. ಸೂಗಪ್ಪ ಕಾಕಾ ಮೈಕಿನಲ್ಲಿ "ಕರೆಂಟ್ ಉಳಸಿದ ನಮ್ಮ ಕನ್ನಡದ ಕೂಸು" ಅನ್ನುವಾಗಲೇ ಕರೆಂಟು ಹೋಯಿತು. ಮಂದಿಯೆಲ್ಲ ನಕ್ಕರು. ನನ್ನ ಹೆಸರಿದ್ದ ಕಾರ್ಡಿನಿಂದಲೇ ಗಾಳಿ ಬೀಸಿಕೊಂಡರು. ಆ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದ್ದು ನಾನೂ ನಕ್ಕೆ.

ವೈಜನಾಥ ಕಾಕಾ ಸೌಂದರ್ಯಾಳನ್ನು ಎಬ್ಬಿಸಿ ಕಳಿಸಿದ್ದು ನಿಮಗೂ ಕಂಡಿತು. "ಹೋಗ, ಆಕೀಗೆ ಹೂವ ಕೊಟ್ಟ ಬಾ. ನೋಡಿ ಕಲಿ" ಅಂದದ್ದು ವೇದಿಕೆಯ ಮೇಲಿನವರಿಗೆಲ್ಲ ಕೇಳಿಸಿತು. ಅವಳು ಮೆಟ್ಟಿಲು ಹತ್ತಿ ಬಂದು ಹೂವು ಕೊಟ್ಟು, "ಛಲೋ ಆತು ಲಹರಿ" ಅಂದಳು. ಮನಸ್ಸಿನಿಂದಲೇ ಅಂದಳು. ನಾನು ನಿಮ್ಮನ್ನು ನೋಡಿದೆ. ನೀವು ನಿಂತುಹೋದ ಫ್ಯಾನನ್ನು ನೋಡುತ್ತಿದ್ದಿರಿ.

ಮರುದಿನ ಆಫೀಸಿಗೆ ಹೋಗಿ ಮೊದಲು ಆ ಪ್ರೋಗ್ರಾಮನ್ನು ನಿಲ್ಲಿಸಿದೆ. ಆಮೇಲೆ ಎಲ್ಲ ತಂಡಗಳಿಗೂ ಮೇಲ್ ಬರೆದೆ. ಏನು ಮಾಡಿದೆ, ಎಷ್ಟು ದಿನ ಮಾಡಿದೆ, ಆ ಸೋಮವಾರ ಸೌಂದರ್ಯಾ ಕೇಳಿದಾಗ ಜಾಗ ಇದ್ದೂ ಇಲ್ಲ ಅಂದೆ, ಅವಳ ತಪ್ಪು ಎಳ್ಳಷ್ಟೂ ಇಲ್ಲ, ಎಲ್ಲವನ್ನೂ ಬರೆದೆ. ಮೋಹನ್ ಕೆಂಡವಾದರು. ನಾನು ಮೋಸ ಮಾಡಿದ್ದಕ್ಕಿಂತ ಎಲ್ಲರಿಗೂ ಬರೆದದ್ದಕ್ಕೇ ಅವರಿಗೆ ಹೆಚ್ಚು ಸಿಟ್ಟು. ನನಗೆ ಬಂದು ಹೇಳಿದ್ದರೆ ಸದ್ದಿಲ್ಲದೆ ಮುಗಿಸುತ್ತಿದ್ದೆನಲ್ಲ ಅಂದರು. ಫಲಕ ವಾಪಸ್ ಕೊಟ್ಟೆ. ನನ್ನನ್ನು ತಂಡದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದ್ದಾರೆ, ಅದೂ ಎಷ್ಟು ದಿನವೋ.

ಒಂದು ಸಂಗತಿ ಹೇಳಬೇಕು. ನನ್ನ ಮೇಲ್ ಹೋದ ವಾರವೇ ಬೇರೆ ತಂಡದವರೂ ಹಿಡಿದಿಟ್ಟ ಜಾಗವನ್ನು ಗಡಿಬಿಡಿಯಿಂದ ಬಿಟ್ಟುಕೊಟ್ಟರು. ಆ ಕಟ್ಟಡದಲ್ಲಿ ಒಂದು ಇಡೀ ಸಾಲು ಯಂತ್ರಗಳನ್ನು ಬಂದ್ ಮಾಡಿದ್ದಾರಂತೆ. ಕೇಳಿ ಖುಷಿಯಾಗಬೇಕಿತ್ತು. ಇಷ್ಟು ಸುಲಭವಿತ್ತೇ ಅಂತ ಇನ್ನಷ್ಟು ನಾಚಿಕೆಯಾಯಿತು.

ಸೌಂದರ್ಯಾಳನ್ನು ವಾಪಸ್ ಕರೆಯುತ್ತೇವೆ ಅಂತ ಆಫೀಸಿನವರು ಅಂದಿದ್ದಾರೆ. ನನ್ನ ಫೋನನ್ನು ಅವಳು ಎತ್ತುತ್ತಿಲ್ಲ. ನಿನ್ನೆ ಮಲ್ಕಾಜ್‌ಗಿರಿಗೆ ಬಂದಿದ್ದೆ. ಕಾಕಾನ ಮನೆಯ ಮೆಟ್ಟಿಲ ತನಕ ಹೋಗಿ, ಒಳಗೆ ಕಾಕಾ ಯಾರಿಗೋ ದನಿ ಎತ್ತಿ ಬೈಯುತ್ತಿದ್ದದ್ದು ಕೇಳಿ ಅಲ್ಲೇ ನಿಂತೆ. ಹಾಗೇ ತಿರುಗಿದೆ. ನಮ್ಮ ಮನೆಗೂ ಬರಲಿಲ್ಲ. ಎಲ್ಲಿಗೆ ಹೋಗಲೂ ಮುಖ ಇಲ್ಲ.

ಲಹರಿ

*

ಮಲ್ಕಾಜ್‌ಗಿರಿ
18 ಮೇ 2025

ನನ್ನವ್ವಾ ಲಹರೀ,

ನೀನು ನಮ್ಮ ಓಣಿಯ ತನಕ ಬಂದು ಹಾಗೇ ಹೋದೆ ಅಂತ ಓದಿ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ವೈಜನಾಥನ ಮನೆಗೆ ಹೋದೆ.

ಅವನು ಪೇಪರು ಓದುತ್ತ ಕೂತಿದ್ದ. "ಬಾರೋ ವೀರಭದ್ರಾ, ಚಹಾ ಕುಡಿಯೂಣ" ಅಂದ. ಮೊದಲು ನನ್ನ ಮಾತು ಕೇಳು ಅಂತ ನಿಂತೇ ಹೇಳಿದೆ. ನೀನು ಮಾಡಿದ್ದನ್ನು ಹೇಳಿದೆ. ಚಾದರದ ಸಂಗತಿ ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು, ಓದಿ ನಕ್ಕಿದ್ದೆ ಅಂತಲೂ ಹೇಳಿದೆ. ವೈಜನಾಥಾ, ನಿನ್ನ ಮಗಳ ತಪ್ಪಿಲ್ಲ ಅಂತ ತಿಳಿದ ಮೇಲೂ ಶಾಲಿನ ಆಸೆಗೆ ನನ್ನ ಮಗಳ ಬಾಯಿ ಮುಚ್ಚಿಸಿದವನು ನಾನು ಅಂತ ಹೇಳುವಾಗ ನಾಲಿಗೆ ತೊದಲಿತು. ನಿನ್ನ ಕಣ್ಣೆದುರಿಗೇ ನಿನ್ನ ಮಗಳ ಕೈಯಿಂದ ಹೂವು ಕೊಡಿಸಿಕೊಂಡೆವಲ್ಲೋ ಅಂದೆ.

ಬೈಯುತ್ತಾನೆ, ಹೊರಗೆ ಹಾಕುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಪೇಪರು ಮಡಚಿಟ್ಟು, "ಸೌಂದರ್ಯಾ, ಹೊರಗ ಬಾ" ಅಂತ ಕೂಗಿದ. ಹುಡುಗಿ ಹೆದರುತ್ತಲೇ ಬಂದು ಬಾಗಿಲಲ್ಲಿ ನಿಂತಳು. ಇನ್ನೊಮ್ಮೆ ಬೈಯಲು ಕರೆದ ಅಂತ ತಿಳಿದಳೇನೋ. ವೈಜನಾಥ ಎದ್ದು ನಿಂತ. "ಅವ್ವಾ, ನಿನಗ ಏನೇನರ ಅಂದ್ನೆಲ್ಲ ನಾ. ಬಂದವರ ಮುಂದ ಎಲ್ಲಾ ಅಂದೆ. ತಪ್ಪಾತವ್ವಾ ನಂದು" ಅಂತ ಹೆತ್ತ ಮಗಳಿಗೆ ಕೈ ಮುಗಿದ.

ಆ ಹುಡುಗಿ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡು, "ಹಂಗ ಮಾಡಬ್ಯಾಡಪ್ಪಾ, ನೀ ಹಂಗ ಮಾಡಬ್ಯಾಡ" ಅಂತ ಅತ್ತಳು. ನನ್ನಿಂದ ನೋಡಲು ಆಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತೆ.

ಆಫೀಸಿನಿಂದ ಕರೆ ಬಂದಿದೆಯಂತೆ, ಅಪ್ಪನಿಗೂ ಹೇಳಿರಲಿಲ್ಲವಂತೆ. ಹೋಗುವುದಿಲ್ಲ ಅಂತ ಅಂದಿದ್ದಾಳಂತೆ. ಹೊರಡುವಾಗ ನಾನು ಕೇಳಿದೆ, ಲಹರಿಗೆ ಏನು ಹೇಳಲಿ ತಾಯೀ ಅಂತ. ಅವಳು ಕಣ್ಣು ಒರೆಸಿಕೊಂಡು, "ಕಾಕಾ, ಆವತ್ತ ಆಕೀ ಸ್ಕ್ರೀನ್ ನೋಡಿ ನಾ ಆಕೀ ಸಲವಾಗಿ ಮರಗಿದ್ದೆ. ಎಷ್ಟ ಕೆಲಸ ಐತಿ ಪಾಪ ಅಂತ. ಅದನ್ನಷ್ಟ ಹೇಳ್ರಿ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ನಿನಗೆ ಬರೆದಿದ್ದೇನೆ, ಮೆತ್ತಗೆ ಮಾಡಿಲ್ಲ.

ಬರುವ ರವಿವಾರ ಬಾ. ಇಬ್ಬರೂ ಕೂಡಿ ಆ ಮನೆಗೆ ಹೋಗೋಣ. ಅವಳು ಮಾತಾಡದಿದ್ದರೆ ಮಾತಾಡದಿರಲಿ, ನಾವು ಹೇಳಬೇಕಾದದ್ದನ್ನು ಹೇಳಿ ಬರೋಣ.

ಮನೆಗೆ ಬಂದವನು ಈ ಪತ್ರ ಹಿಡಿದು ಸಂಜೆಯ ತನಕ ಕೂತಿದ್ದೇನೆ. ನೀನು "ಹೇಳು ಅನ್ನಿ ಅಪ್ಪಾ" ಅಂತ ಬರೆದಿದ್ದೆ. ಒಂದು ಮಾತು ಸಾಕು ಅಂದಿದ್ದೆ. ಆ ಒಂದು ಮಾತು ನನ್ನ ಕೈಯಿಂದ ಆಗಲಿಲ್ಲ. ವೈಜನಾಥ ಮಗಳ ಎದುರಿಗೆ ನಿಂತು ಕೈ ಮುಗಿದ. ಬರೆಯುವುದಕ್ಕೇ ನನಗೆ ಇಷ್ಟು ಹೊತ್ತಾಯಿತು.

ತಪ್ಪಾತವ್ವಾ ನಂದು.

ಅಪ್ಪ